ಲಕೋಟೆ ಮೀಮಾಂಸೆ

ಪರದೇಶದಲ್ಲಿ ಕೂತು ಅಂಚೆಯಲ್ಲಿ ಮತ ಹಾಕುವ ವಿಚಾರದಲ್ಲಿ ವಿದ್ವಾಂಸರು ಈತನಕ ಮತದಾರ, ಅಭ್ಯರ್ಥಿ, ಪಕ್ಷ ಮುಂತಾದ ಗೌಣ ಸಂಗತಿಗಳಲ್ಲೇ ಕಾಲ ಕಳೆದಿದ್ದಾರೆ. ಮುಖ್ಯ ಪದಾರ್ಥವಾದ ಗೋಂದನ್ನು ಮುಟ್ಟಿದವರಿಲ್ಲ. ಮುಟ್ಟಿದರೆ ಬಿಡದೆಂಬ ಭಯವಿರಬಹುದು.

ಪ್ರಥಮ ಸೂತ್ರ: ಅಂಟಿದರೆ ಮತ, ಬಿಟ್ಟರೆ ಕಾಗದ.

ಇದಕ್ಕೆ ಪ್ರಮಾಣ ಆಸ್ಟ್ರಿಯಾ. 2016ರ ಮೇ 22ರಂದು ಅಲ್ಲಿ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತು. ಆ ರಾತ್ರಿ ಮತಗಟ್ಟೆಗಳ ಎಣಿಕೆಯಲ್ಲಿ ನಾರ್ಬರ್ಟ್ ಹೋಫರ್ ಮುಂದಿದ್ದರು. ಮರುದಿನ ಅಂಚೆಮತ ಎಣಿಸಿದಾಗ ಅಲೆಕ್ಸಾಂಡರ್ ಫಾನ್ ಡೆರ್ ಬೆಲ್ಲೆನ್ 30,863 ಮತಗಳಿಂದ ಗೆದ್ದರು. ಆದರೆ ಲಕೋಟೆ ಬಿಚ್ಚುವುದಕ್ಕೂ ಮುಹೂರ್ತವುಂಟು. ಕೆಲವು ಕಡೆ ಹೊತ್ತಿಗೆ ಮುಂಚೆಯೇ, ಇರಬೇಕಾದವರು ಇಲ್ಲದಾಗಲೇ ಬಿಚ್ಚಿಬಿಟ್ಟಿದ್ದರು. ಮೋಸ ನಡೆದದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಆದರೂ ಜುಲೈ 1ರಂದು ಸಾಂವಿಧಾನಿಕ ನ್ಯಾಯಾಲಯ ಇಡೀ ಸುತ್ತನ್ನೇ ರದ್ದು ಮಾಡಿತು. ಅಕ್ಟೋಬರ್ 2ಕ್ಕೆ ಮರುಚುನಾವಣೆ ಗೊತ್ತಾಯಿತು. ಈ ಸಲ ಯಾರೂ ಬಿಚ್ಚುವ ಶ್ರಮ ತೆಗೆದುಕೊಳ್ಳಬೇಕಾಗಲಿಲ್ಲ, ಲಕೋಟೆಗಳು ತಾವೇ ಬಾಯಿಬಿಟ್ಟವು! ಗೋಂದು ಹಿಡಿದಿರಲಿಲ್ಲ. ಚುನಾವಣೆ ಡಿಸೆಂಬರ್ 4ಕ್ಕೆ ಹೋಯಿತು. ಒಂದು ಗಣರಾಜ್ಯ ಗೋಂದಿನ ದೆಸೆಯಿಂದ ಒಂಬತ್ತು ವಾರ ಕಾದಿತು.

ಪೂರ್ವಪಕ್ಷ: ನಾಲ್ಕು ಅನ್ನದ ಅಗುಳು ಒತ್ತಿದ್ದರೆ ಸಾಕಿತ್ತಲ್ಲ?

ಖಂಡನೆ: ಹಾಗೆ ಅಂಟಿಸಿದ ಲಕೋಟೆ ವಿಯೆನ್ನಾ ಮುಟ್ಟುವಷ್ಟರಲ್ಲಿ ಇರುವೆಗಳು ಮತ ಎಣಿಕೆ ಮುಗಿಸಿರುತ್ತವೆ.

ಭಾರತೀಯ ಶಾಖೆ ಇನ್ನೂ ಸೂಕ್ಷ್ಮ. ಮಸ್ಕತ್ತಿನ ರಾಯಭಾರ ಕಚೇರಿಯ ನಮ್ಮ ಗುಮಾಸ್ತರು ಸರಕಾರಿ ಸೇವೆಯಲ್ಲಿರುವುದರಿಂದ ಸೇವಾ ಮತದಾರರು. ಅವರಿಗೆ ಮತಪತ್ರ ಕಂಪ್ಯೂಟರಿನಲ್ಲಿ ಕ್ಷಣಮಾತ್ರದಲ್ಲಿ ಬರುತ್ತದೆ. ಅದನ್ನು ಮುದ್ರಿಸಿ, ಗುರುತು ಹಾಕಿ, 13-ಬಿ ಲಕೋಟೆಯೊಳಗಿಟ್ಟು, ಅದನ್ನೂ 13-ಎ ಘೋಷಣೆಯನ್ನೂ 13-ಸಿ ಲಕೋಟೆಯೊಳಗಿಟ್ಟು ಅಂಚೆಗೆ ಹಾಕಬೇಕು. ಬಂದದ್ದು ಮಿಂಚಿನಂತೆ, ಹೋಗುವುದು ಅಂಚೆಯವರ ಚಿತ್ತ. ಎಣಿಕೆ ಶುರುವಾಗುವ ಮುಂಚೆ ತಲುಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅದೇ ಮಸ್ಕತ್ತಿನಲ್ಲಿರುವ ಕುಂದಾಪುರದ ವೆಲ್ಡರಿಗೆ ಈ ಲಕೋಟೆಗಳಲ್ಲಿ ಒಂದೂ ಇಲ್ಲ. 2018ರಲ್ಲಿ, ಇಂಥವರು ತಮ್ಮ ಪರವಾಗಿ ಬೇರೆಯವರಿಂದ ಮತ ಹಾಕಿಸಬಹುದೆಂಬ ಮಸೂದೆ ಲೋಕಸಭೆಯಲ್ಲಿ ಪಾಸಾಯಿತು; ಆ ಲೋಕಸಭೆಯ ಅವಧಿ ಮುಗಿದಾಗ ಅದರ ಆಯುಷ್ಯವೂ ಮುಗಿಯಿತು. 2020ರಲ್ಲಿ, ಇವರಿಗೂ ಅಂಚೆಮತ ಕೊಡಬಹುದೆಂದು ಚುನಾವಣಾ ಆಯೋಗವೇ ಕಾನೂನು ಸಚಿವಾಲಯಕ್ಕೆ ಕಾಗದ ಬರೆಯಿತು. ಕಾಗದ ಬರೆದು ಕೆಲಸ ಆಗುವುದಿದ್ದರೆ ಸರಕಾರಿ ಕಚೇರಿಗಳಲ್ಲಿ ಕಪಾಟುಗಳು ಯಾಕೆ?

ಹಾಗೆಂದು ಅವರಿಗೆ ಹಕ್ಕಿಲ್ಲವೆಂದಲ್ಲ. ಚುನಾವಣಾ ಕಾನೂನಿನಲ್ಲಿ 2011ರಿಂದ ಜಾರಿಯಲ್ಲಿರುವ 20-ಎ ಕಲಮಿನಂತೆ, ನಮೂನೆ 6-ಎ ತುಂಬಿ ಊರಿನ ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಮತದಾನದ ದಿನ ಅಸಲಿ ಪಾಸ್‌ಪೋರ್ಟ್ ಹಿಡಿದು ಕುಂದಾಪುರದ ಶಾಲೆಯ ಮತಗಟ್ಟೆಯ ಸಾಲಿನಲ್ಲಿ ನಿಂತರಾಯಿತು.

ಶಾಸ್ತ್ರ ಇಲ್ಲಿಗೆ ಅದ್ವೈತವನ್ನು ಮುಟ್ಟುತ್ತದೆ: ಮತದಾರನೇ ಲಕೋಟೆ. ಅಂಚೆಚೀಟಿಯ ಜಾಗದಲ್ಲಿ ವಿಮಾನದ ಟಿಕೆಟ್ಟು, ಖರ್ಚು ಕಳುಹಿಸುವವನದೇ. ಮೊಹರು ಒತ್ತಲು ವಿಮಾನ ನಿಲ್ದಾಣದವರಿದ್ದಾರೆ. ತೂಕ ಮಾತ್ರ ಟಿಕೆಟ್ಟಿನಲ್ಲಿ ಬರೆದ ಕಿಲೋ ಮೀರಬಾರದು, ಮನೆಯವರು ಹೇಳಿಕಳಿಸಿದ ಖರ್ಜೂರದ ಡಬ್ಬವೂ ಸೇರಿ.