ಕಿವಿ ಒಂದು ಬಾಕಿ ಐತ್ರಿ

ಸಿಂಧನೂರಿನಲ್ಲಿ ಬಸ್ಸು ಹತ್ತಿ, ಮಸ್ಕಿ ದಾಟಿ ಲಿಂಗಸುಗೂರು ಮುಟ್ಟುವುದರೊಳಗೆ ಪಕ್ಕದ ಸೀಟಿನವನು ನಿಮ್ಮ ಕಣ್ಣು ಬಿಟ್ಟು ಮೂಗಿನ ಕೆಳಗಿನ ನೆರಳನ್ನೇ ದಿಟ್ಟಿಸುತ್ತಿದ್ದರೆ ಹೆದರಬೇಡಿ. ಅವನು ಕಳ್ಳನೂ ಅಲ್ಲ, ವರ ಹುಡುಕಿ ಹೊರಟ ಮಾವನೂ ಅಲ್ಲ, ಪೆನ್ಸಿಲ್ ಆರ್ಟಿಸ್ಟ್. ಖಾತ್ರಿ ಬೇಕಿದ್ದರೆ ಬಲಗೈ ಕಿರುಬೆರಳಿನ ಬದಿ ನೋಡಿ: ಗ್ರಾಫೈಟಿಗೆ ಉಜ್ಜಿ ಉಜ್ಜಿ ಕಪ್ಪಾಗಿ ಹೊಳೆಯುತ್ತಿರುತ್ತದೆ. ಜೇಬಿನಲ್ಲಿ ಬ್ಲೇಡಿನಿಂದ ಉದ್ದಕ್ಕೆ ಕೆತ್ತಿದ ಪೆನ್ಸಿಲ್ ಇರುತ್ತದೆ. ಮೆಂಡರ್ ಮುಟ್ಟಿದರೆ ಇವರ ಮಡಿ ಕೆಡುತ್ತದೆ.

ಇಂಥವರು ಮೂರೂ ಊರಲ್ಲಿ ಇದ್ದಾರೆ. ನನ್ನ ಪಾಲಿಗೆ ಬಂದವರು ಸಿಂಧನೂರಿನವರು. ಒಮ್ಮೆ ಚಹಾ ಕುಡಿಯುತ್ತಾ, ಮಳೆ ಬೆಳೆ ವಿಚಾರಿಸುವ ಧಾಟಿಯಲ್ಲೇ, "ಸರ, ನಿಮ್ಮ ಎಡಗಣ್ಣು ಬಲಗಣ್ಣಿಗಿಂತ ಒಂದೀಟು ಕೆಳಗೈತ್ರಿ" ಎಂದರು. ಕಟ್ಟಿಕೊಂಡ ಹೆಂಡತಿಯೂ ಎತ್ತದಿದ್ದ ಆಕ್ಷೇಪಣೆ ಅದು. ಅಂದಿನಿಂದ ಯಾರೇ ಫೋಟೋ ತೆಗೆದರೂ ನನ್ನ ಕತ್ತು ತಾನಾಗಿಯೇ ಬಲಕ್ಕೆ ವಾಲುತ್ತದೆ. ನೋಡಿದವರು ಬೆನ್ನುನೋವೇ ಎಂದು ಕೇಳುತ್ತಾರೆ.

ಪೆನ್ಸಿಲ್ಲಿನ ಮಾತು ಬಂತೆಂದರೆ ಇವರು ಪ್ರೊಫೆಸರ್. 1795ರಲ್ಲಿ ಯುದ್ಧದ ದೆಸೆಯಿಂದ ಇಂಗ್ಲೆಂಡಿನ ಗ್ರಾಫೈಟ್ ಸಿಗದೆ ಹೋದಾಗ ಫ್ರಾನ್ಸಿನ ಕಾಂಟೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡಿದ ಕಥೆಯನ್ನು, ಆ ಭಟ್ಟಿಯ ಪಕ್ಕದಲ್ಲೇ ನಿಂತಿದ್ದವರಂತೆ ಹೇಳುತ್ತಾರೆ. ಮಣ್ಣು ಹೆಚ್ಚಾದರೆ ಗಟ್ಟಿ, ಅದು ಎಚ್. ಗ್ರಾಫೈಟ್ ಹೆಚ್ಚಾದರೆ ಮೆತ್ತಗೆ, ಕಪ್ಪಗೆ, ಅದು ಬಿ. ಹಣೆಗೆ ಎಚ್‌ಬಿ, ಕೆನ್ನೆಯ ಇಳಿಜಾರಿಗೆ 2ಬಿ, ಮೂಗಿನ ಹೊಳ್ಳೆಗೆ 6ಬಿ, ಕಣ್ಣಿನ ಪಾಪೆಗೆ 8ಬಿ. ಎರೆಭೂಮಿಯಲ್ಲಿ ಹುಟ್ಟಿದವರಿಗೆ ಮಣ್ಣಿನ ಹದ ಯಾರೂ ಹೇಳಿಕೊಡಬೇಕಿಲ್ಲ, ನಿಜ. ಆದರೆ ನನ್ನ ಚಹಾ ಆರುತ್ತಿರುತ್ತದೆ.

ಇವರ ಬಾಯಲ್ಲಿ ಸದಾ ಇರುವ ಮಂತ್ರ "ರೆಫರೆನ್ಸ್ ಕೊಡ್ರಿ." ಮನುಷ್ಯ ಇವರಿಗೆ ಬೇಡ, ಅವನ ಫೋಟೋ ಬೇಕು. ಮೂಗಿನ ಹತ್ತಿರ ಹಿಡಿದು ತೆಗೆದ ಸೆಲ್ಫಿ ನಡೆಯದು. ಅದರಲ್ಲಿ ಮೂಗು ಊದಿ ಕಿವಿ ಹಿಂದೆ ಓಡಿರುತ್ತದೆ. ಫ್ಲ್ಯಾಶ್ ಹೊಡೆದದ್ದು ಬೇಡ, ನೆರಳು ಸತ್ತಿರುತ್ತದೆ. ಬ್ಯೂಟಿ ಫಿಲ್ಟರ್ ಹಾಕಿದ್ದಂತೂ "ಮುಖ ಐತ್ರಿ, ಮುಖದಾಗ ಏನೂ ಇಲ್ರಿ." ಚಕ್ರವರ್ತಿಗಳಿಗೂ ಇದರಿಂದ ವಿನಾಯಿತಿ ಇಲ್ಲ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಶಾಸನ ಕಂಡರು. 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ಲೋಕಕ್ಕೆ ಖಾತ್ರಿಯಾದದ್ದು ಅಲ್ಲಿದ್ದ ಹೆಸರಿನಿಂದ. ನಮ್ಮ ಆರ್ಟಿಸ್ಟಿಗೆ ಅದೇ ಕೊರಗು: "ಹೆಸರು ಕೆತ್ತಿಸ್ಯಾನ, ಒಂದು ಪಾಸ್‌ಪೋರ್ಟ್ ಸೈಜ್ ಇಡಬೇಕಿತ್ತಿಲ್ರೀ?" ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯ ಜೊತೆ ನಿಂತ ಅಶೋಕನ ಶಿಲ್ಪ, ಹೆಸರಿನ ಸಮೇತ, ಸಿಕ್ಕಿದೆಯಲ್ಲ ಎಂದೆ. ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ನೋಡಿದರು. "ಸತ್ತು ಶತಮಾನಗಳಾದ ಮ್ಯಾಲೆ ಕೆತ್ತಿದ್ದಂತಲ್ರೀ. ನೋಡದವರು ಮಾಡಿದ್ದು, ನಡಿಯಂಗಿಲ್ಲ."

ಇನ್ನು ನನ್ನ ಸೋದರಮಾವನ ಕಿವಿಯ ವಿಷಯ.

ಮಸ್ಕಿ ಕಡೆಯ ಹಳ್ಳಿ ಶಾಲೆಯೊಂದರ ಹೆಡ್‌ಮಾಸ್ತರಾಗಿ ಮಾವ ನಿವೃತ್ತರಾಗುವವರಿದ್ದರು. ಶಾಲು, ಫಲತಾಂಬೂಲದ ಜೊತೆ ಅವರದೇ ಚಿತ್ರ ಕೊಟ್ಟು ಬೆರಗುಗೊಳಿಸಬೇಕೆಂಬ ಹುಕಿ ನನಗೆ ಹುಟ್ಟಿತು. ಆರ್ಟಿಸ್ಟರು ಫೋಟೋ ಮೇಲೆ ಅರ್ಧ ಇಂಚಿನ ಚೌಕ, ಹಾಳೆಯ ಮೇಲೆ ಎರಡು ಇಂಚಿನ ಚೌಕ ಎಳೆದು, ನಾಲ್ಕು ಪಟ್ಟಿನ ಮಾವನನ್ನು ಕಟ್ಟಲು ಕೂತರು. "ಮೊದಲ ಕಣ್ಣು. ಕಣ್ಣು ಬಂತಂದ್ರ ಮನಷ್ಯಾ ಬಂದಂಗ." ಅದೇ ವಾರ ನಡುರಾತ್ರಿ ವಾಟ್ಸಾಪಿಗೆ ಒಂದು ಕಣ್ಣು ಬಂತು. ಬರೀ ಕಣ್ಣು, ಸುತ್ತ ಬಿಳಿ ಹಾಳೆ. ಮೊಬೈಲ್ ಎತ್ತಿಕೊಂಡ ಹೆಂಡತಿ ಚೀರಿದಳು. ಆಮೇಲೆ ಮೂಗು ಬಂತು, ಮೀಸೆಯ ಅರ್ಧ ಬಂತು. ಮಾವ ಕಂತಿನಲ್ಲಿ ಪಾವತಿಯಾಗತೊಡಗಿದರು. ಆಮೇಲೆ ಸುದ್ದಿಯೇ ಇಲ್ಲ. ಫೋನು ಮಾಡಿದರೆ "ಎಲ್ಲಾ ಮುಗದೈತ್ರಿ, ಬಲಗಿವಿ ಒಂದು ಬಾಕಿ ಐತ್ರಿ."

ಫೋಟೋದಲ್ಲಿ ಆ ಕಿವಿಯ ಮೇಲೆ ಕಿಟಕಿಯ ಬೆಳಕು ಹೊಡೆದು ಬೆಳ್ಳಗಾಗಿತ್ತಂತೆ. ಬೇರೆ ರೆಫರೆನ್ಸ್ ಬೇಕಂತೆ. ಎಡಗಿವಿಯನ್ನೇ ತಿರುಗಿಸಿ ಹಾಕಿ ಎಂದೆ. ದೇವರಿಗೇ ಬೈದವನನ್ನು ನೋಡುವಂತೆ ನೋಡಿದರು. ಬೆರಗುಗೊಳಿಸುವ ಕಾರ್ಯಕ್ರಮವಾದ್ದರಿಂದ ಮಾವನನ್ನು ಕೇಳುವ ಹಾಗಿಲ್ಲ. ಉಣ್ಣಲು ಕೂತವರ ಪಕ್ಕಕ್ಕೆ ಸರಿದು, ಮೊಬೈಲಿನಲ್ಲಿ ಕ್ರಿಕೆಟ್ ನೋಡುವವನ ನಟನೆ ಮಾಡಿ, ಕಿವಿಗೆ ಗುರಿಯಿಟ್ಟೆ. "ಏನೋ, ಕಿವ್ಯಾಗ ಏನರೆ ಹೊಕ್ಕೈತೇನು?" ಎಂದು ಮಾವ ತಲೆ ಕೊಡವಿದರು. ಫೋಟೋದಲ್ಲಿ ಬಂದದ್ದು ಕಿವಿಯೋ ರೊಟ್ಟಿಯ ಅಂಚೋ ಹೇಳಲಾಗದು. "ಎಚ್‌ಡಿ ಇಲ್ರೀ ಸರ" ಎಂದು ಉತ್ತರ ಬಂತು.

ಬೀಳ್ಕೊಡುಗೆಯ ದಿನ ಒಂದೇ ಕಿವಿಯ ಮಾವ ಫ್ರೇಮಿನೊಳಗೆ ಬಂದಿಳಿದರು. ಆರ್ಟಿಸ್ಟರೇ ಉಪಾಯ ಹೇಳಿದರು: "ಒಂದು ಹಾರ ಹಾಕಿಬಿಡ್ರಿ, ಕಿವಿ ಮುಚ್ಚಿಹೋಗ್ತೈತಿ." ಹಾಕಿದೆವು. ಶಾಲೆಯ ಬಾಗಿಲಲ್ಲೇ ಮೇಜಿನ ಮೇಲೆ ಸೇವಂತಿಗೆ ಹಾರ ಹಾಕಿಕೊಂಡ ಮಾವನ ಚಿತ್ರ. ಯಾರೋ ಮಹಾಶಯರು ಮುಂದೆ ಊದುಬತ್ತಿಯನ್ನೂ ಸಿಗಿಸಿದರು. ಲಿಂಗಸುಗೂರಿನಿಂದ ತಡವಾಗಿ ಬಂದ ಮಾವನ ಹಳೆಯ ಗೆಳೆಯರು ಚಪ್ಪಲಿ ಬಿಟ್ಟು, ಕೈಮುಗಿದು, ಕಣ್ಣೊರೆಸಿಕೊಂಡು "ಯಾವಾಗಾತ್ರಿ?" ಎಂದು ನನ್ನ ಭುಜ ಹಿಡಿದರು. ಒಳಗೆ ಮೈಕಿನಲ್ಲಿ ಮಾವ ಭಾಷಣ ಮಾಡುತ್ತಿದ್ದರು.

ಸಂಜೆ ಆರ್ಟಿಸ್ಟರು "ಒಂದು ಕಿವಿ, ನಾಳಿ ಕೊಡ್ತೀನ್ರಿ" ಎಂದು ಚಿತ್ರ ಎತ್ತಿಕೊಂಡು ಹೋದರು. ಆ ನಾಳೆ ಇನ್ನೂ ಬಂದಿಲ್ಲ.

ಹಾಗೆಂದು ಇವರನ್ನು ಬೈದುಕೊಂಡು ಕೂರಲೂ ಆಗದು, ಗಿರಾಕಿಗಳೇನು ಕಡಿಮೆಯೇ? ಎಲ್ಲರದೂ ಒಂದೇ ಬೇಡಿಕೆ: "ಸ್ವಲ್ಪ ಬೆಳ್ಳಗ ಮಾಡ್ರಿ." ಪೆನ್ಸಿಲ್ ಚಿತ್ರದಲ್ಲಿ ಬಿಳಿ ಎಂದರೆ ಏನೂ ಬರೆಯದೆ ಬಿಟ್ಟ ಹಾಳೆ. "ನಾ ಕೆಲಸ ಕಡಿಮಿ ಮಾಡಿದಷ್ಟೂ ನೀವು ಬೆಳ್ಳಗಾಗ್ತೀರಿ, ರೊಕ್ಕ ಮಾತ್ರ ಪೂರ್ತಿ ಕೊಡ್ರಿ" ಎನ್ನುತ್ತಾರೆ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ, 2023ರ ಜನವರಿಯಲ್ಲಿ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ಹೋದಾಗ, ಯಾರೂ ಕೇಳದೆ, ಯಾರಿಂದಲೂ ದುಡ್ಡು ಪಡೆಯದೆ ರಾತ್ರಿಯಿಡೀ ಕೂತು ಬರೆದರು. ಆ ಚಿತ್ರಗಳಲ್ಲಿ ಎರಡೂ ಕಿವಿ ಇದ್ದವು ಎಂಬುದನ್ನು ನಾನು ಗಮನಿಸದೆ ಇರಲಿಲ್ಲ.

ಕಲಾಶಾಲೆಯಲ್ಲಿ ಕಲಿತವರು ಇದನ್ನು ಬರೀ ನಕಲು ಎನ್ನುತ್ತಾರೆ. ಇರಬಹುದು. ಆದರೆ ನಮ್ಮ ಕಡೆಯ ಎಷ್ಟೋ ತಾಯಂದಿರ ಮುಖ ಜಗತ್ತಿನಲ್ಲಿ ಉಳಿದಿರುವುದು ರೇಷನ್ ಕಾರ್ಡಿನಲ್ಲಿ, ಅದೂ ಸೀಲಿನ ಕೆಳಗೆ. ನಾನಿದ್ದಾಗಲೇ ಭತ್ತ ನಾಟಿಗೆ ಹೋಗುವ ಹೆಂಗಸೊಬ್ಬಳು ಯಾರದೋ ಮದುವೆಯ ಗುಂಪಿನ ಫೋಟೋ ತಂದಳು. ಹಿಂದಿನ ಸಾಲಿನಲ್ಲಿ ಶೇಂಗಾ ಬೀಜದಷ್ಟು ಮುಖ: ಅವಳ ಅವ್ವ. ಹಿಗ್ಗಿಸಿದರೆ ಬರೀ ಚುಕ್ಕೆ. ರೆಫರೆನ್ಸ್ ಇಲ್ಲವೆಂದು ಓಡಿಸುತ್ತಾರೆಂದು ಕಾದೆ. ಅವರು ಆಕೆಯನ್ನು ಬಾಗಿಲ ಬೆಳಕಿಗೆ ತಿರುಗಿಸಿ ಕೂರಿಸಿ, "ನಗವ್ವ" ಎಂದರು. ನಾಚಿಕೊಂಡು ನಕ್ಕಳು. ಮಗಳ ಗಲ್ಲದಿಂದ ತಾಯಿಯ ಗಲ್ಲ ತೆಗೆದರು; ವಯಸ್ಸನ್ನು 4ಬಿಯಲ್ಲಿ ಕೂಡಿಸಿದರು. ಚಿತ್ರ ಒಯ್ಯಲು ಬಂದವಳು ಬಹಳ ಹೊತ್ತು ನೋಡಿ, ಕುಂಕುಮ ಕೆಂಪಗೆ ಮಾಡಿಕೊಡಿ ಎಂದಳು. ಕಪ್ಪು-ಬಿಳುಪಿನಲ್ಲಿ ಬಣ್ಣ ತುರುಕುವುದು ಕಲೆಗೆ ದ್ರೋಹ ಎಂದು ಭಾಷಣ ಬಿಗಿದರು. ಆಮೇಲೆ ಒಳಗೆ ಹೋಗಿ ಮಗಳ ಕಂಪಾಸ್ ಬಾಕ್ಸಿನಿಂದ ಕೆಂಪು ಪೆನ್ಸಿಲ್ ತಂದರು. ಅರ್ಧ ದುಡ್ಡು ತಗೊಂಡರು.

ಮಾವನ ಮೀಸೆ ಇನ್ನಷ್ಟು ಕಪ್ಪಾಗಲಿ ಎಂದು ನಾನು ಬೇಡಿದಾಗ ಇದೇ ಸಿದ್ಧಾಂತದ ಮನುಷ್ಯ ಜಪ್ಪಯ್ಯ ಎಂದಿರಲಿಲ್ಲ. ಆದರೂ ಆವತ್ತು ಮನಸ್ಸು ಕರಗಿ, "ನನ್ನದೂ ಒಂದು ಬರೀರಿ" ಎಂದು ಅದೇ ಬಾಗಿಲ ಬೆಳಕಿನಲ್ಲಿ, ಅದೇ ಸ್ಟೂಲಿನ ಮೇಲೆ, ಕತ್ತು ಸಾಧ್ಯವಾದಷ್ಟು ನೆಟ್ಟಗಿಟ್ಟು ಕೂತೆ. ಅವರು ಪೆನ್ಸಿಲ್ ಕೆತ್ತುತ್ತಾ ತಲೆ ಎತ್ತದೆ ಹೇಳಿದರು:

"ಹೌದ್ರಿ, ಬರಿಯೋಣ್ರಿ. ಮನಿಗೆ ಹೋಗಿ ಒಂದು ಎಚ್‌ಡಿ ಫೋಟೋ ಕಳಸ್ರಿ."