ಮರದ ಬಾತು, ಮಣ್ಣಿನ ನಾಯಿ

ಕೊಡಗಿನಲ್ಲಿ ಬೇಟೆಯ ವಿಷಯ ಕೇಳಲು ಹೋದವನಿಗೆ ಮೊದಲು ಕಾಫಿ ಸಿಗುತ್ತದೆ, ಆಮೇಲೆ ಕಥೆ. ಮಾಹಿತಿ ಬರುವ ಹೊತ್ತಿಗೆ ಮಳೆ ಹಿಡಿದು, ಮಡಿಕೇರಿಗೆ ಹೋಗುವ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತದೆ. ಕಥೆಯೊಳಗಿನ ಹಂದಿಯೂ ಸುಮ್ಮನಿರುವುದಿಲ್ಲ, ಹೇಳಿದ ಹಾಗೆಲ್ಲ ಬೆಳೆಯುತ್ತದೆ. ಅಜ್ಜ ಹೊಡೆದಾಗ ಮೊಣಕಾಲೆತ್ತರ ಇದ್ದದ್ದು ಮಗನ ಬಾಯಲ್ಲಿ ಸೊಂಟಕ್ಕೆ ಬಂದು, ಮೊಮ್ಮಗನ ಕಾಲಕ್ಕೆ ಅದನ್ನು ಸಾಗಿಸಲು ಎರಡು ಜೀಪು ಬೇಕಾಗುತ್ತದೆ. ನಾನು ಕೇಳಲು ಹೋದದ್ದು ಹಂದಿಯ ವಿಚಾರವಲ್ಲ, ಹೊಡೆದವರ ವಿಚಾರವೂ ಅಲ್ಲ. ಬೇಟೆಗೆಂದು ಪ್ರಾಣಿಗಳ ಗೊಂಬೆ ಮಾಡುತ್ತಿದ್ದವರು ಈ ಕಡೆ ಯಾರಾದರೂ ಇದ್ದರೇ, ಇದ್ದರೆ ಅವರ ಹೆಸರೇನು ಎಂದು. ಇಂಥ ಪ್ರಶ್ನೆ ಕೇಳುವವನನ್ನು ಮಡಿಕೇರಿಯ ಜನ ಬಯ್ಯುವುದಿಲ್ಲ. "ರಿಟೈರ್ ಆಗಿ ಎಷ್ಟು ವರ್ಷ ಆಯಿತು ಮೇಷ್ಟ್ರೇ?" ಎಂದು ಮಾತ್ರ ವಿಚಾರಿಸುತ್ತಾರೆ.

ಈ ಹುಚ್ಚು ಹಚ್ಚಿದವನು ಅಮೆರಿಕದ ಮೇರಿಲ್ಯಾಂಡಿನಲ್ಲಿರುವ ನನ್ನ ತಂಗಿಯ ಮಗ. ಅಲ್ಲಿಗೆ ಹೋದ ನಮ್ಮವರು ಸಾಮಾನ್ಯವಾಗಿ ಕಾರು ಕೊಳ್ಳುತ್ತಾರೆ, ಮನೆ ಕೊಳ್ಳುತ್ತಾರೆ, ಸತ್ಯನಾರಾಯಣ ಪೂಜೆ ಮಾಡಿಸುತ್ತಾರೆ. ಇವನು ಮರದ ಬಾತುಕೋಳಿ ಕೊಳ್ಳಲು ಶುರು ಮಾಡಿದ. ವಿಡಿಯೊ ಕರೆ ಮಾಡಿ ಒಂದೊಂದನ್ನೇ ಎತ್ತಿ ತೋರಿಸುತ್ತಾನೆ. ಕೊಕ್ಕು ಮುರಿದಿರುತ್ತದೆ, ಬೆನ್ನಿನಲ್ಲಿ ಚರೆ ಹೊಕ್ಕ ತೂತುಗಳಿರುತ್ತವೆ. "ಮಾವ, ಇದು ಒರಿಜಿನಲ್ ಪೇಂಟ್" ಎನ್ನುತ್ತಾನೆ. ಪೇಂಟೇ ಇಲ್ಲವಲ್ಲೋ ಎಂದರೆ, "ಅದಕ್ಕೇ ಬೆಲೆ ಮಾವ" ಎನ್ನುತ್ತಾನೆ.

ಸಂಗತಿ ಇಷ್ಟು. ಮೇಲೆ ಹಾರಿಹೋಗುವ ಬಾತುಗಳು ಕೆಳಗೆ ನೀರಿನಲ್ಲಿ ತಮ್ಮವರು ನೆಮ್ಮದಿಯಾಗಿ ತೇಲುತ್ತಿರುವುದನ್ನು ಕಂಡರೆ, ಜಾಗ ಒಳ್ಳೆಯದೆಂದು ನಂಬಿ ಇಳಿಯುತ್ತವೆ. ಅದಕ್ಕಾಗಿ ಅಲ್ಲಿಯ ಬೇಟೆಗಾರರು ಸೀಡರ್, ಪೈನ್ ಮರದಲ್ಲಿ ಬಾತು ಕೆತ್ತಿ, ಮಗುಚದಂತೆ ಅಡಿಗೆ ಸೀಸದ ತುಂಡು ಹೊಡೆದು, ಹಗ್ಗ ಕಟ್ಟಿ ನೀರಿಗೆ ಬಿಟ್ಟು, ತಾವು ಜೊಂಡಿನಲ್ಲಿ ಅಡಗಿ ಕೂರುತ್ತಿದ್ದರು. ಕೆತ್ತುತ್ತಿದ್ದವರು ಮೀನುಗಾರರು, ದೋಣಿ ಕಟ್ಟುವವರು, ಹೀಗೆ. ಮೇರಿಲ್ಯಾಂಡಿನ ಕ್ರಿಸ್‌ಫೀಲ್ಡ್ ಎಂಬ ಊರಿನ ಲೆಮ್ ವಾರ್ಡ್, ಸ್ಟೀವ್ ವಾರ್ಡ್ ಎಂಬ ಅಣ್ಣತಮ್ಮಂದಿರಂತೂ ಕಸುಬಿನಿಂದ ಕ್ಷೌರಿಕರು. ಕತ್ತರಿ ಹಿಡಿದಾಗಲೂ ಮನಸ್ಸು ಬಾತಿನ ಮೇಲೇ ಇರುತ್ತಿತ್ತೋ ಏನೋ, ಅದನ್ನು ಆ ಊರಿನ ತಲೆಗಳೇ ಹೇಳಬೇಕು. 1918ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ ಬಂದು ಹಕ್ಕಿ ಹೊಡೆದು ಮಾರುವ ವ್ಯಾಪಾರ ನಿಂತಿತು. ಮರದ ಬಾತುಗಳಿಗೆ ಕೆಲಸ ಕಡಿಮೆಯಾಯಿತು. ಆಗ ನ್ಯೂಯಾರ್ಕಿನ ಜೋಯೆಲ್ ಬಾರ್ಬರ್ ಎಂಬ ವಾಸ್ತುಶಿಲ್ಪಿ ಇವನ್ನು ಕೂಡಿಹಾಕುತ್ತಾ, ಯಾರು ಕೆತ್ತಿದ್ದು ಎಂದು ಕೇಳುತ್ತಾ ಹೋಗಿ 1934ರಲ್ಲಿ ಒಂದು ಪುಸ್ತಕವನ್ನೇ ತಂದ. ಮೊದಲು ಸೌದೆಯ ಸಾಲಿನಲ್ಲಿದ್ದದ್ದು ಕಲೆಯ ಸಾಲಿಗೆ ಬಂತು. ಮ್ಯಾಸಚೂಸೆಟ್ಸಿನ ಎಲ್ಮರ್ ಕ್ರೋವೆಲ್ ಎಂಬಾತ ಕೆತ್ತಿದ ಎರಡು ಹಕ್ಕಿಗಳು 2007ರಲ್ಲಿ ತಲಾ 11 ಲಕ್ಷ ಡಾಲರಿಗೂ ಮೀರಿ ಹೋದವು. ಆಗಿನ ಲೆಕ್ಕಕ್ಕೆ ಒಂದೊಂದಕ್ಕೆ ನಾಲ್ಕೂವರೆ ಕೋಟಿ ರೂಪಾಯಿ. ಆ ದುಡ್ಡಿಗೆ ಆಗ ನಮ್ಮಲ್ಲಿ ಒಳ್ಳೆಯ ಕಾಫಿ ತೋಟ ಬರುತ್ತಿತ್ತು, ಜೊತೆಗೆ ತೋಟದ ಕೆರೆಯಲ್ಲಿ ನಿಜವಾದ ಬಾತುಗಳೂ ಬರುತ್ತಿದ್ದವು.

"ಕೊಡಗಿನವರು ಅಷ್ಟು ಬೇಟೆಯಾಡಿದವರು. ಅಲ್ಲೂ ಯಾರಾದರೂ ಕೆತ್ತಿರಲೇಬೇಕು. ಹುಡುಕಿ ಮಾವ" ಎಂದ ಅಳಿಯ. ನಾಲ್ಕೂವರೆ ಕೋಟಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನ್ನ ಹೆಂಡತಿಗೂ ಸಂಶೋಧನೆಯ ಮೇಲೆ ಗೌರವ ಬಂತು. ಛತ್ರಿ ಹುಡುಕಿ ಕೈಗೆ ಕೊಟ್ಟಳು.

ಆದರೆ ನಮ್ಮ ಕಡೆ ಬೇಟೆಗೆ ಗೊಂಬೆಯ ಅಗತ್ಯವೇ ಬಿದ್ದಂತಿಲ್ಲ. ದೀವದ ಹಕ್ಕಿ, ದೀವದ ಮೃಗ ಎಂದು ಜೀವಂತ ಪ್ರಾಣಿಯನ್ನೇ ಪಳಗಿಸಿ ಮುಂದಿಡುತ್ತಿದ್ದರು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೇ, ಅಂದರೆ 12ನೇ ಶತಮಾನದಲ್ಲೇ, ಸಾಕಿದ ಜಿಂಕೆಯಿಂದ ಕಾಡಿನ ಜಿಂಕೆಯನ್ನು ಸೆಳೆಯುವ ಬೇಟೆಯ ವಿವರ ಇದೆ. ಬಯಲುಸೀಮೆಯಲ್ಲಿ ಪಂಜರದ ಕೌಜುಗವನ್ನು ಹೊಲದಲ್ಲಿಟ್ಟರೆ ಅದರ ಕೂಗಿಗೆ ಹೊರಗಿನ ಕೌಜುಗ ಜಗಳಕ್ಕೆ ಬಂದು ಬಲೆಗೆ ಬೀಳುತ್ತಿತ್ತು. ಕೂಗಲು ಬಲ್ಲ ಹಕ್ಕಿ ಇರುವಾಗ ಮೂಕ ಹಕ್ಕಿ ಕೆತ್ತುವವನಿಗೆ ಕೂಲಿ ಕೊಡುವವರು ಯಾರು? ಅಮೆರಿಕದಲ್ಲೂ ಜೀವಂತ ಬಾತು ಕಟ್ಟಿ ಬಾತು ಹೊಡೆಯುವುದಿತ್ತು, 1935ರಲ್ಲಿ ನಿಷೇಧವಾಯಿತು. ಇನ್ನು ನಮ್ಮ ರೈತರು ಗೊಂಬೆ ಮಾಡಲಿಲ್ಲವೆಂದಲ್ಲ. ಗದ್ದೆಗೆ ಗದ್ದೆಗೆ ಬೆರ್ಚಪ್ಪ ನಿಂತಿದ್ದಾನೆ. ಅವರು ಹಕ್ಕಿ ಕರೆಯಲು ಮಾಡಿದರು, ನಾವು ಓಡಿಸಲು ಮಾಡಿದೆವು. ನಮ್ಮ ಬೆರ್ಚಪ್ಪನಿಗೆ ಹರಾಜಿನಲ್ಲಿ ಏನು ಬರುತ್ತದೆ? ಅವನ ಅಂಗಿಗೇ ಬೆಲೆ ಬರುವುದಿಲ್ಲ.

ಮಡಿಕೇರಿಯಿಂದ ಸ್ವಲ್ಪ ದೂರದ ಒಂದು ಐನ್‌ಮನೆಗೆ, ಅಂದರೆ ಕೊಡವ ಕುಟುಂಬವೊಂದರ ಮೂಲಮನೆಗೆ, ಹೋದೆ. ಕೈಯಾಲೆ ಎನ್ನುವ ಜಗಲಿಯ ಕಂಬಗಳ ನಡುವೆ, ಐಮರ ಎನ್ನುವ ಹಲಗೆಯ ಮೇಲೆ ಮನೆಯ ಹಿರಿಯರು ಕೂತಿದ್ದರು. ಮರದ ಬಾತಿನ ವಿಷಯ ಪೂರ್ತಿ ಕೇಳಿಸಿಕೊಂಡರು.

"ಮರದ ಬಾತು ನೋಡಿ ನಿಜವಾದ ಬಾತು ಬರುತ್ತದಾ ಮೇಷ್ಟ್ರೇ?"

"ಬರುತ್ತದಂತೆ."

"ಅಷ್ಟು ಪೆದ್ದು ಪ್ರಾಣಿಯನ್ನು ಹೊಡೆದು ಏನು ಮರ್ಯಾದೆ?"

ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಮುಂದುವರಿಸಿದರು. "ಮರದ ಹಂದಿ ಮಾಡಿಟ್ಟರೆ ಕಾಡುಹಂದಿ ಬರುವುದಿಲ್ಲ. ಮೂಸಿ ನೋಡುತ್ತದೆ. ಬಡಗಿಯ ವಾಸನೆ ಹೊಡೆದರೆ ಅವನನ್ನೇ ಹುಡುಕಿಕೊಂಡು ಹೋಗುತ್ತದೆ." ಆಮೇಲೆ ಒಳಗಿನಿಂದ ಹಳೆಯ ಕೋವಿ ತರಿಸಿ ತೋರಿಸಿದರು. ಗ್ರೀನರ್ ಕಂಪನಿಯದು. ಮಾಡಿದವರ ಹೆಸರು, ಊರು ಬರ್ಮಿಂಗ್‌ಹ್ಯಾಮ್ ಎಲ್ಲ ಕೆತ್ತಿತ್ತು. ಆ ಹೆಸರನ್ನು ಅವರು ನೆಂಟರ ಹೆಸರು ಹೇಳಿದಷ್ಟು ಸಲುಗೆಯಿಂದ ಹೇಳಿದರು. ನಾನು ಕೂತಿದ್ದ ಐಮರವನ್ನು ತಟ್ಟಿ, ಇದನ್ನು ಮಾಡಿದವರು ಯಾರು ಎಂದೆ. ಒಂದೇ ಹಲಗೆ, ತಲೆಮಾರುಗಳು ಕೂತು ಕೂತು ನುಣ್ಣಗಾಗಿದೆ. ಪಕ್ಕದ ಕಂಬದಲ್ಲಿ ಬಳ್ಳಿ, ಹೂವು.

"ಐರಿ."

"ಯಾವ ಐರಿ?"

"ಐರಿ ಅಂದರೆ ಐರಿ. ನಮ್ಮ ಐರಿ."

ಕೊಡಗಿನ ಕಮ್ಮಾರಿಕೆ, ಬಡಗಿತನ ಎರಡೂ ಐರಿಗಳದ್ದು. ಮನೆಯ ಬಾಗಿಲು, ಗದ್ದೆಯ ನೇಗಿಲು, ಸೊಂಟದ ಕತ್ತಿ ಎಲ್ಲಕ್ಕೂ ಅವರೇ. ಆ ಕೈ ಮುಟ್ಟದ ವಸ್ತು ಮನೆಯಲ್ಲಿ ಆ ಕೋವಿಯೊಂದೇ, ಹೆಸರು ಇರುವುದೂ ಅದೊಂದರ ಮೇಲೇ.

ಇದು ಐನ್‌ಮನೆಯವರ ತಪ್ಪೇನೂ ಅಲ್ಲ, ಮಡಿಕೇರಿ ಪೇಟೆಯಲ್ಲೂ ಇದೇ ಕಥೆ. ಸೇನಾನಿ ಕಾರ್ಯಪ್ಪನವರ ಪ್ರತಿಮೆ ಯಾವುದು, ತಿಮ್ಮಯ್ಯನವರದು ಯಾವುದು ಎಂದು ಶಾಲೆಯ ಮಗುವೂ ಹೇಳುತ್ತದೆ. ಎರಕ ಹೊಯ್ದವರು ಯಾರೆಂದು ಕೇಳಿದರೆ ಆಟೊದವನು ಮೀಟರ್ ಹಾಕಲು ಹೇಳಿದಂತೆ ಮುಖ ನೋಡುತ್ತಾನೆ. ಕೋಟೆಯೊಳಗೆ ಆಳೆತ್ತರಕ್ಕಿಂತ ದೊಡ್ಡ ಎರಡು ಗಾರೆಯ ಆನೆಗಳಿವೆ. ಪ್ರವಾಸಿಗರು ಅವುಗಳ ಸೊಂಡಿಲಿಗೆ ಜೋತು ಫೋಟೊ ತೆಗೆಸಿಕೊಳ್ಳುತ್ತಾರೆ. ಆನೆಯ ಜೊತೆ ರಾಜನ ಕಥೆ ಇದೆ, ಮೇಸ್ತ್ರಿಯ ಕಥೆ ಇಲ್ಲ.

ಹೊರಡುವಾಗ ಹಿರಿಯರು ಅನುಮಾನದಿಂದಲೇ ಕೇಳಿದರು. "ಗೊಂಬೆ ಅಂದರೆ ಅಯ್ಯಪ್ಪನ ನಾಯಿ ಆಗುತ್ತದಾ?"

ಆಗುತ್ತದೆ! ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಅವುಗಳಲ್ಲಿ ಎಷ್ಟೋ ಅಯ್ಯಪ್ಪನವು. ಇಲ್ಲಿಯ ಅಯ್ಯಪ್ಪ ಬೇಟೆಯ ದೇವರು. ಬೇಟೆಗೆ ಹೊರಟವನಿಗೆ ನಾಯಿ ಬೇಕಲ್ಲ, ಹಾಗಾಗಿ ಜನ ಹರಕೆ ಹೊತ್ತು ಸುಟ್ಟ ಮಣ್ಣಿನ ನಾಯಿಗಳನ್ನು ಅವನಿಗೆ ಒಪ್ಪಿಸುತ್ತಾರೆ. (ಅವನ ಬೇಟೆಯ ಶ್ರದ್ಧೆಯ ಬಗ್ಗೆ ಬೇರೆ ಅಭಿಪ್ರಾಯವೂ ಇದೆ. ಕುರುಬರನ್ನು ಬೇಟೆಗೆಂದು ಕರೆದುಕೊಂಡು ಹೋದ ಅಯ್ಯಪ್ಪ ದಾರಿಯಲ್ಲಿ ಭದ್ರಕಾಳಿಯನ್ನು ಕಂಡು ಇವರನ್ನು ಕಾಡಿನಲ್ಲೇ ಮರೆತನಂತೆ. ಆ ಸಿಟ್ಟಿಗೆ ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬದ ದಿನ ಇಂದಿಗೂ ಬಾಯಿಗೆ ಬಂದಂತೆ ಬಯ್ಯುತ್ತಾರೆ, ಬಯ್ಯುತ್ತಲೇ ದಾರಿಹೋಕರಿಂದ ಕಾಸೂ ವಸೂಲಿ ಮಾಡುತ್ತಾರೆ. ದೇವರನ್ನು ಇಷ್ಟು ಹತ್ತಿರದವನೆಂದು ತಿಳಿದ ಭಕ್ತಿ ನನಗೆ ಬಹಳ ಇಷ್ಟ.)

ಅಂಥ ಒಂದು ದೇವರಕಾಡಿಗೆ ಹೋದೆ. ಕಾಡಿನ ಅಂಚಿನಲ್ಲೇ ಚಪ್ಪಲಿ ಬಿಡಬೇಕು. ಜಿಗಣೆಗಳಿಗೆ ಈ ನಿಯಮ ಚೆನ್ನಾಗಿ ಗೊತ್ತಿದೆ. ಒಳಗೆ ಮರದ ಬುಡದ ಕಲ್ಲಿನ ಸುತ್ತ ನಾಯಿಗಳು ಸಾಲುಗಟ್ಟಿದ್ದವು. ಮುಂದಿನವು ಕೆಂಪಗೆ ಹೊಸತು, ಹಿಂದಿನವು ಪಾಚಿ ಹಿಡಿದು ಹಸಿರು, ಅದಕ್ಕೂ ಹಿಂದೆ ಬರೀ ಕಾಲುಗಳು, ಓಡುಗಳು. ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತೆ. ಮೊಣಕಾಲಿಗಿಂತ ಗಿಡ್ಡ. ಹೊಟ್ಟೆ ಉರುಟು, ಕುತ್ತಿಗೆಗೆ ಮಣ್ಣಿನದೇ ಪಟ್ಟಿ, ಒಂದು ಕಿವಿ ಹೋಗಿದೆ. ತೆರೆದ ಬಾಯೊಳಗೆ ಜೇಡ ಮನೆ ಮಾಡಿತ್ತು. ಬಾಲವನ್ನು ಬೆನ್ನಿಗೇ ಒತ್ತಿ ಅಂಟಿಸಿದ್ದರು, ಅದರ ಕೆಳಗೆ ಕಿರುಬೆರಳು ಹೋಗುವಷ್ಟು ಒಂದು ತೂತು. ಹಿಂದೆ ಮುಂದೆ ತಿರುಗಿಸಿ ಗುರುತು ಹುಡುಕೋಣವೆಂದರೆ ಮುಟ್ಟುವಂತಿಲ್ಲ. ದೇವರಕಾಡಿನಿಂದ ಎಲೆಯನ್ನೂ ಹೊರಗೆ ತರಬಾರದು, ಇನ್ನು ನಾಯಿಯನ್ನು ತರುವುದೆಲ್ಲಿ? ಅಳಿಯನ ಹರಾಜಿನ ಆಸೆಗೆ ಅಲ್ಲೇ ಬೀಗ ಬಿತ್ತು. ಮಳೆಗೆ ಸವೆದು ಮಣ್ಣಾಗುವುದು ಈ ನಾಯಿಗಳ ಹಕ್ಕು.

ವಿಚಿತ್ರವೆಂದರೆ 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ನಿಂತಿತು, ಅಥವಾ ನಿಂತಿತೆಂದು ಎಲ್ಲರೂ ಒಂದೇ ದನಿಯಲ್ಲಿ ಹೇಳುತ್ತಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆದು ಸಮಾಧಾನಪಡುತ್ತಾರೆ. ಆದರೆ ನಾಯಿ ಹರಕೆ ನಿಲ್ಲಲಿಲ್ಲ. ಜೊತೆಗೆ ಬಂದಿದ್ದವರೊಬ್ಬರು ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕರೆ ನಾಯಿ ಕೊಡುತ್ತೇನೆಂದು ಹೇಳಿಕೊಂಡಿದ್ದರು. ಸೀಟು ಸಿಕ್ಕಿತು. ಅಯ್ಯಪ್ಪನಿಗೂ ಈಗ ಕೆಲಸದ ಸ್ವರೂಪ ಬದಲಾಗಿದೆ.

ನಾಯಿ ಮಾಡುತ್ತಿದ್ದ ಕುಂಬಾರರ ಮನೆ ಕೊನೆಗೂ ಸಿಕ್ಕಿತು. ಮನೆಯಲ್ಲಿದ್ದದ್ದು ವಯಸ್ಸಾದ ಹೆಂಗಸೊಬ್ಬರು. ಕಸುಬಿನ ವಿಷಯಕ್ಕೆ ಬಂದರೆ ಅವರ ಮಾತು ಖಚಿತ. ಹೊಟ್ಟೆಯನ್ನು ಮಡಕೆಯ ಹಾಗೆ ಚಕ್ರದಲ್ಲೇ ಎತ್ತುವುದು, ಕಾಲುಗಳನ್ನು ಕೈಯಲ್ಲಿ ಹೊಸೆದು ಸೇರಿಸುವುದು, ನೆರಳಲ್ಲಿ ಒಣಗಿಸುವುದು. ತೂತು ಬಿಡದಿದ್ದರೆ ಒಳಗಿನ ಬಿಸಿಗಾಳಿಗೆ ನಾಯಿ ಆವಿಗೆಯಲ್ಲೇ ಸಿಡಿಯುತ್ತದೆ. ಬಾಲ ಎತ್ತಿ ನಿಲ್ಲಿಸಿದರೆ ಮನೆಯಿಂದ ಕಾಡಿಗೆ ಹೋಗುವಷ್ಟರಲ್ಲಿ ಮುರಿಯುತ್ತದೆ, ಅದಕ್ಕೇ ಬೆನ್ನಿಗೆ ಅಂಟಿಸುವುದು. ನಾನು ಶೈಲಿ ಎಂದು ಪುಸ್ತಕದಲ್ಲಿ ಬರೆದುಕೊಂಡದ್ದು ಸಾಗಾಣಿಕೆಯ ಉಪಾಯವಾಗಿತ್ತು.

"ಮಾಡುತ್ತಿದ್ದವರು ಯಾರಮ್ಮಾ?"

"ನಮ್ಮ ಮನೆಯವರು."

"ಅವರ ಹೆಸರು?"

ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. "ಗಂಡನ ಹೆಸರು ಬಾಯಲ್ಲಿ ಹೇಳುವುದುಂಟಾ ಮೇಷ್ಟ್ರೇ?"

"ಹೋಗಲಿ, ಅವರಿಗೆ ಕಲಿಸಿದವರು?"

"ನಮ್ಮ ಮಾವನವರು." ಅವರ ಹೆಸರನ್ನಂತೂ ಹೇಳುವ ಪ್ರಶ್ನೆಯೇ ಇಲ್ಲ.

ಕೆತ್ತುವವರ ಹೆಸರು ಹುಡುಕಲು ಹೊರಟ ಅಮೆರಿಕದ ಯಾವ ಸಂಶೋಧಕನಿಗೂ ಈ ಕಷ್ಟ ಬಂದಿರಲಾರದು. ಶಾಲೆಯಿಂದ ಬಂದ ಮೊಮ್ಮಗ ಅಜ್ಜನ ಹೆಸರನ್ನು ಫಟ್ಟನೆ ಹೇಳಿದ, ಮುತ್ತಜ್ಜನ ಹೆಸರಿಗೆ ಹಳೆಯ ಕಂದಾಯದ ಚೀಟಿ ತಂದುಕೊಟ್ಟ. ಎರಡೂ ನನ್ನ ಪುಸ್ತಕದಲ್ಲಿವೆ. ಇಲ್ಲಿ ಅಚ್ಚು ಹಾಕಿಸಬೇಡಿ ಎಂದು ಅಮ್ಮ ಹೇಳಿದ್ದಾರೆ. ಹೆಸರು ನೋಡಿ ಜನ ನಾಯಿ ಮಾಡಿಕೊಡಿ ಎಂದು ಬಂದು ಕೂತರೆ ಮಣ್ಣು ತರುವವರು ಯಾರು ಎಂಬುದು ಅವರ ಪ್ರಶ್ನೆ. ಮೊಮ್ಮಗನಿಗೆ ಕುಶಾಲನಗರದ ಮೊಬೈಲ್ ಅಂಗಡಿ ಸೇರುವ ಯೋಚನೆ.

ಕ್ರೋವೆಲ್ ತನ್ನ ಹಕ್ಕಿಗಳ ಹೊಟ್ಟೆಯಡಿ ಹೆಸರು, ಊರು ಇರುವ ಮೊಟ್ಟೆಯಾಕಾರದ ಮುದ್ರೆ ಸುಟ್ಟು ಒತ್ತುತ್ತಿದ್ದ. ಅವನ ಬಾತಿಗೆ ಅಷ್ಟು ಬೆಲೆ ಬಂದದ್ದರಲ್ಲಿ ಕೈಚಳಕದ ಪಾಲೆಷ್ಟು, ಮುದ್ರೆಯ ಪಾಲೆಷ್ಟು ಎಂದು ನನಗೆ ಸಂಶಯವಿದೆ. ಕೊಡಗಿನ ಹಾಡು, ಪದ್ಧತಿಗಳಿಗೆ ನಡಿಕೇರಿಯಂಡ ಚಿಣ್ಣಪ್ಪನವರು ಸಿಕ್ಕರು. ಊರೂರು ಕೇಳಿ ಬರೆದುಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದರು, ಅದರಿಂದಲೇ ಅವು ಉಳಿದವು. ಮಲೆನಾಡಿನ ಹಳೆಯ ಬೇಟೆಯಲ್ಲಿ ಕೋವಿಗೊಂದು ಪಾಲು, ನಾಯಿಗೊಂದು ಪಾಲು ತಪ್ಪದೆ ಇಡುತ್ತಿದ್ದರು. ನಾಯಿ ಮಾಡಿದವನಿಗೆ ಕಾಯಿ, ಅಕ್ಕಿ ಕೊಟ್ಟು ಕೈತೊಳೆದುಕೊಂಡರೆ ಸಾಕೇ? ಕೋಟಿ ಬೇಡ, ಒಂದು ಸಾಲು ಬರೆದಿಡಬಹುದು.

ನಿಮ್ಮೂರಿನ ದೇವರಿಗೂ ಯಾರೋ ಒಬ್ಬರು ನಾಯಿಯನ್ನೋ ಕುದುರೆಯನ್ನೋ ಮಾಡಿಕೊಡುತ್ತಿರುತ್ತಾರೆ. ಮುಂದಿನ ಹಬ್ಬಕ್ಕೆ ಹೋದಾಗ ಅವರ ಹೆಸರು ಕೇಳಿ, ಹೆಂಡತಿಯನ್ನಲ್ಲ, ಮೊಮ್ಮಕ್ಕಳನ್ನು ಕೇಳಿ. ಸಿಕ್ಕಿದ ಹೆಸರನ್ನು ದೇವಸ್ಥಾನದ ಜಮಾಖರ್ಚಿನ ಪುಸ್ತಕದಲ್ಲಿ ಬರೆಸಿ. ಮೈಕ್‌ಸೆಟ್ಟಿನವನ ಹೆಸರು ಹೇಗೂ ಅಲ್ಲಿರುತ್ತದೆ, ಅದರ ಕೆಳಗೆ ಒಂದು ಸಾಲಿಗೆ ಜಾಗ ಸಿಗುತ್ತದೆ.