ಅಟ್ಟದ ರೈಲ್ವೆಯ ಯಜಮಾನ ಮನೆ ಬದಲಿಸುವಾಗ

ಬ್ರಿಟನ್ನಿನ ಮಧ್ಯಮವರ್ಗದ ಬಡಾವಣೆಗಳಲ್ಲಿ, ನಿವೃತ್ತಿಯ ಅಂಚಿನಲ್ಲಿರುವ ಇಲ್ಲವೇ ಅದನ್ನು ದಾಟಿರುವ ಗಂಡಸರ ನಡುವೆ, ಮಾದರಿ ರೈಲುಗಾರ ಎಂದು ಕರೆಯಬಹುದಾದ ಒಂದು ಪಂಗಡವಿದೆ. ಹೊರಗೆ ಈತ ಲೆಕ್ಕಪರಿಶೋಧಕನೋ ಭೂಗೋಳದ ಮೇಷ್ಟ್ರೋ ಚರ್ಚಿನ ಪಾದ್ರಿಯೋ ಆಗಿ ಕಂಡರೂ, ಮಲಗುವ ಕೋಣೆಗಳ ಚಾವಣಿಗೂ ಮನೆಯ ಮಾಡಿಗೂ ನಡುವೆ ಇರುವ ಅಟ್ಟಕ್ಕೆ ಮಡಿಸುವ ಏಣಿ ಹತ್ತಿ ಹೋದನೆಂದರೆ, ಅಲ್ಲೊಂದು ರೈಲ್ವೆ ಕಂಪನಿಯ ಜನರಲ್ ಮ್ಯಾನೇಜರ್, ಮುಖ್ಯ ಎಂಜಿನಿಯರ್, ಸ್ಟೇಷನ್ ಮಾಸ್ಟರ್, ಗ್ಯಾಂಗ್‌ಮನ್ ಎಲ್ಲವೂ ತಾನೇ ಆಗಿಬಿಡುತ್ತಾನೆ. ಪಾದ್ರಿಯ ಮಾತನ್ನು ಇಲ್ಲಿ ತಂದದ್ದು ಬರಿಯ ತಮಾಷೆಗಲ್ಲ. ಥಾಮಸ್ ಎಂಬ ನೀಲಿ ಎಂಜಿನಿನ ಕಥೆಗಳನ್ನು ಬರೆದ ರೆವರೆಂಡ್ ಡಬ್ಲ್ಯೂ. ಆಡ್ರಿ ತಾವು ಕಟ್ಟಿದ ಮಾದರಿ ರೈಲನ್ನು ಪ್ರದರ್ಶನಗಳಿಗೆ ಒಯ್ಯುತ್ತಿದ್ದರು, ರೆವರೆಂಡ್ ಪೀಟರ್ ಡೆನ್ನಿ ಬಕಿಂಗ್‌ಹ್ಯಾಮ್ ಎಂಬ ಒಂದೇ ಮಾದರಿಯನ್ನು ದಶಕಗಳ ಕಾಲ ಕಟ್ಟುತ್ತಲೂ ಕೆಡವಿ ಮತ್ತೆ ಕಟ್ಟುತ್ತಲೂ ಇದ್ದರು.

ಈತನದನ್ನು ಆಟದ ರೈಲು ಎಂದು ಕರೆಯುವುದಕ್ಕಿಂತ ದೊಡ್ಡ ಅಪಚಾರವಿಲ್ಲ. ಆಟದ ರೈಲು ನೆಲಹಾಸಿನ ಮೇಲೆ ಮಕ್ಕಳಿಗೆ ಬೇಕೆನಿಸಿದಾಗ ಓಡುತ್ತದೆ, ಇವನದು ವೇಳಾಪಟ್ಟಿಯ ಪ್ರಕಾರ ಓಡುತ್ತದೆ, ಮತ್ತು ವೇಳಾಪಟ್ಟಿಯನ್ನು ಬರೆದವನೂ ಮೀರುವವನೂ ಅವನೇ. ಹೆಚ್ಚಿನವರು ಆರಿಸಿಕೊಳ್ಳುವುದು 1930ರ ದಶಕದ ಗ್ರೇಟ್ ವೆಸ್ಟರ್ನ್ ರೈಲ್ವೆಯ ಒಂದು ಕವಲು ಮಾರ್ಗವನ್ನು, ಅಂದರೆ ಮುಖ್ಯ ಮಾರ್ಗದಿಂದ ಒಡೆದು ಯಾವುದೋ ಹಳ್ಳಿಗೆ ಹೋಗಿ ಮುಗಿಯುವ ಒಂಟಿ ಹಳಿಯನ್ನು. ಆ ಕಂಪನಿ 1948ರ ಜನವರಿ 1ರಂದು ಉಳಿದ ಕಂಪನಿಗಳೊಡನೆ ರಾಷ್ಟ್ರೀಕರಣಗೊಂಡು ಇಲ್ಲವಾಯಿತು, 1963ರಲ್ಲಿ ಡಾ. ರಿಚರ್ಡ್ ಬೀಚಿಂಗ್ ಕೊಟ್ಟ ವರದಿ 2,000ಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಬೇಕೆಂದು ಹೇಳಿದ ಮೇಲೆ ಅಂಥ ಎಷ್ಟೋ ಕವಲು ಮಾರ್ಗಗಳ ಹಳಿ ಕಿತ್ತುಹೋಗಿ, ಜಾಗದಲ್ಲಿ ಮುಳ್ಳುಪೊದೆ ಬೆಳೆಯಿತು. ಬೀಚಿಂಗ್ ಮುಚ್ಚಿದ್ದನ್ನು ಅಟ್ಟದಲ್ಲಿ ತೆರೆದೆನೆಂಬ ಹೆಮ್ಮೆಯಲ್ಲಿ ಬಾಳುವ ಈ ಮನುಷ್ಯನಿಗೆ, ಮನೆ ಬದಲಿಸುವ ಪ್ರಸಂಗ ಬಂದಾಗ ಅದೇ ಮಾರ್ಗವನ್ನು ಎರಡನೆಯ ಸಲ ತನ್ನ ಕೈಯಾರೆ ಮುಚ್ಚಬೇಕಾಗುತ್ತದೆ. ಜನರನ್ನೂ ಸರಕನ್ನೂ ಊರಿಂದೂರಿಗೆ ಸಾಗಿಸಲೆಂದೇ ಹುಟ್ಟಿದ ವ್ಯವಸ್ಥೆಯೊಂದರ ಪ್ರತಿಕೃತಿಯು, ಆ ಮನೆಯ ಸಮಸ್ತ ಸಾಮಾನುಗಳ ಪೈಕಿ ಸಾಗಿಸಲು ಎಲ್ಲಕ್ಕಿಂತ ಒಲ್ಲದ ವಸ್ತುವಾಗಿರುವುದು ಆಗ ಅವನ ಗಮನಕ್ಕೆ ಬರುತ್ತದೆ.

ಮನೆ ಹುಡುಕುವಾಗಲೇ ಈತನ ಲಕ್ಷಣಗಳು ಸ್ಪಷ್ಟವಾಗತೊಡಗುತ್ತವೆ. ಹೆಂಡತಿ ಅಡುಗೆಮನೆಯ ಬೆಳಕನ್ನೂ ಹಿತ್ತಿಲ ತೋಟವನ್ನೂ ನೋಡುತ್ತಿರುವಾಗ, ಈತ ದಲ್ಲಾಳಿಯಿಂದ ಏಣಿ ಕೇಳಿ ಪಡೆದು, ಜೇಬಿನಿಂದ ಟೇಪು ತೆಗೆದು, ತಲೆಯನ್ನು ಅಟ್ಟದ ಕಿಂಡಿಯೊಳಗೆ ತೂರಿಸಿ ನಿಂತಿರುತ್ತಾನೆ. ಇದರಲ್ಲಿ ಶಾಸ್ತ್ರವಿಲ್ಲದಿಲ್ಲ. ಬ್ರಿಟನ್ನಿನಲ್ಲಿ 1960ರ ದಶಕದ ನಡುವಿನಿಂದೀಚೆಗೆ ಕಟ್ಟಿದ ಮನೆಗಳ ಮಾಡನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಜೋಡಿಸಿ ತಂದ ಸಪೂರ ಮರದ ತ್ರಿಕೋನ ಚೌಕಟ್ಟುಗಳ ಮೇಲೆ ನಿಲ್ಲಿಸುತ್ತಾರೆ. ಆ ಚೌಕಟ್ಟುಗಳ ಓರೆ ಪಟ್ಟಿಗಳು ಅಟ್ಟದ ನಡುವೆ ಅಡ್ಡಾದಿಡ್ಡಿ ಹಾಯುವುದರಿಂದ ಅಲ್ಲಿ ಪೆಟ್ಟಿಗೆ ಇಡಬಹುದೇ ಹೊರತು ರೈಲು ಓಡಿಸಲಾಗದು. ಆದ್ದರಿಂದ ದಪ್ಪ ತೊಲೆಗಳ ಮೇಲೆ ನಿಂತ, ನಡುವೆ ಬಯಲಾಗಿರುವ ಹಳೆಯ ಅಟ್ಟವೇ ಈತನಿಗೆ ಬೇಕು. ಹಳೆಯ ಮನೆಗೊಂದು ವ್ಯಕ್ತಿತ್ವವಿರುತ್ತದೆ ಎಂದು ಈತ ಹೆಂಡತಿಯ ಮುಂದೆ ಹಾಡಿ ಹೊಗಳುವುದರ ಒಳಗುಟ್ಟು ಇಷ್ಟೇ. ಮನೆಗೆ ಸ್ನಾನದ ಕೋಣೆ ಎಷ್ಟಿತ್ತೆಂದು ಸಂಜೆ ಕೇಳಿದರೆ ಈತ ತಡವರಿಸುತ್ತಾನಾದರೂ, ಅಟ್ಟದ ಉದ್ದಗಲಗಳು ಮಿಲಿಮೀಟರಿನ ಮಟ್ಟಿಗೆ ನಾಲಿಗೆಯ ತುದಿಯಲ್ಲಿರುತ್ತವೆ.

ಮಿಲಿಮೀಟರಿನ ವಿಷಯದಲ್ಲಿ ಈ ಪಂಗಡಕ್ಕೆ ಇರುವ ನಿಷ್ಠೆಯನ್ನು ತಿಳಿಯಲು ಅದರ ಒಳಜಗಳವೊಂದನ್ನು ತಿಳಿಯಬೇಕು. ಬ್ರಿಟನ್ನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಅಳತೆಗೆ ಓಓ ಎಂದು ಹೆಸರು. ಅದರಲ್ಲಿ ನಿಜವಾದ ಒಂದು ಅಡಿಗೆ 4 ಮಿಲಿಮೀಟರು, ಹೆಚ್ಚುಕಡಿಮೆ 76ನೇ ಒಂದು ಪಾಲು. ಆದರೆ ಎರಡು ಹಳಿಗಳ ನಡುವಣ ಅಗಲ ಮಾತ್ರ ಯುರೋಪಿನ ಎಚ್‌ಓ ಎಂಬ, 87ನೇ ಒಂದು ಪಾಲಿನ, ಇನ್ನೂ ಚಿಕ್ಕ ಅಳತೆಯಿಂದ ಎರವಲು ತಂದ 16.5 ಮಿಲಿಮೀಟರು. ಬ್ರಿಟನ್ನಿನ ರೈಲುಗಳ ಮೈ ಯುರೋಪಿನವಕ್ಕಿಂತ ಸಪೂರ; ಅಂದಿನ ಮೋಟಾರುಗಳು ಅಂಥ ಎಂಜಿನಿನ ಪುಟ್ಟ ಹೊಟ್ಟೆಯೊಳಗೆ ಹಿಡಿಯದೆ ಹೋದದ್ದರಿಂದ ಎಂಜಿನನ್ನು ಹಿಗ್ಗಿಸಿದರು, ಹಳಿಯನ್ನು ಹಾಗೇ ಬಿಟ್ಟರು. ಹಾರ್ನ್‌ಬಿ ಡಬ್ಲೊ ಎಂಬ ಹೆಸರಿನಲ್ಲಿ 1938ರಲ್ಲಿ ಮಾರುಕಟ್ಟೆಗೆ ಬಂದ ರೈಲುಗಳೊಡನೆ ಈ ಹೊಂದಾಣಿಕೆ ಬೇರೂರಿತು. ಇದರ ಫಲವಾಗಿ 4 ಅಡಿ ಎಂಟೂವರೆ ಅಂಗುಲ ಇರಬೇಕಾದ ಹಳಿಯ ಅಗಲ ಲೆಕ್ಕದಲ್ಲಿ 4 ಅಡಿ ಒಂದೂವರೆ ಅಂಗುಲಕ್ಕೆ ಇಳಿದು, ಆ ಏಳು ಅಂಗುಲದ ಪಾಪ ತೊಳೆಯಲೆಂದು 18.83 ಮಿಲಿಮೀಟರಿನ ಹಳಿಯನ್ನು ಸ್ವತಃ ಕೂಡಿಸಿಕೊಳ್ಳುವ ಮಡಿವಂತರ ಬಣವೊಂದು ಹುಟ್ಟಿಕೊಂಡಿತು. ಈ ಬಣದವನು ಮನೆ ಬದಲಿಸುವುದು ಸುಲಭವೆಂಬುದನ್ನು ಒಪ್ಪಬೇಕು, ಏಕೆಂದರೆ ಇಷ್ಟು ವರ್ಷಗಳಲ್ಲಿ ಅವನು ಕಟ್ಟಿ ಮುಗಿಸಿರುವುದು ಸಾಮಾನ್ಯವಾಗಿ ಒಂದು ಗಜ ಹಳಿಯನ್ನು ಮಾತ್ರ.

ಓಓ ಪಂಥದವನ ಪಾಡು ಬೇರೆ, ಅವನ ಕಷ್ಟವೆಲ್ಲ ಇರುವುದು ಬೇಸ್‌ಬೋರ್ಡಿನಲ್ಲಿ. ಬೇಸ್‌ಬೋರ್ಡ್ ಎಂದರೆ ಹಳಿ, ಗುಡ್ಡ, ನಿಲ್ದಾಣಗಳನ್ನೆಲ್ಲ ಹೊರುವ, ಪ್ಲೈವುಡ್ಡಿನಿಂದ ಮಾಡಿದ ಮೇಜಿನಂಥ ಹಲಗೆ. ಪ್ರದರ್ಶನಗಳಿಗೆ ಹೋಗುವ ಜಾಣರು ಇದನ್ನು 4 ಅಡಿಗೆ 2 ಅಡಿಯ ತುಂಡುಗಳಾಗಿ ಮಾಡಿ ಬೋಲ್ಟು ಹಾಕಿ ಕೂಡಿಸುತ್ತಾರೆ. ಅಟ್ಟದವನಾದರೋ ಈ ಮನೆ ಬಿಟ್ಟು ಕದಲುವವನಲ್ಲವೆಂಬ ನಂಬಿಕೆಯಿಂದ ಹಲಗೆಗಳನ್ನು ಬಿಡಿಬಿಡಿಯಾಗಿ ಕಿಂಡಿಯೊಳಗಿಂದ ಮೇಲೇರಿಸಿ, ಅಲ್ಲೇ ಕೂಡಿಸಿ, ಮಾಡಿನ ತೊಲೆಗೇ ಸ್ಕ್ರೂ ಹೊಡೆದಿರುತ್ತಾನೆ. ಅದರ ಮೇಲೆ ತಂತಿಬಲೆ ಬಗ್ಗಿಸಿ, ಪ್ಲಾಸ್ಟರಿನ ಪಟ್ಟಿ ಸುತ್ತಿ ಗುಡ್ಡ ಎಬ್ಬಿಸಿದ್ದಾನೆ. ಹಳಿಗಳ ನಡುವೆ ನುಣ್ಣನೆಯ ಜಲ್ಲಿಪುಡಿ ಉದುರಿಸಿ, ಬಿಳಿ ಅಂಟನ್ನು ನೀರಿನಲ್ಲಿ ಕದಡಿ, ಅದು ಚೆನ್ನಾಗಿ ಹರಡಲೆಂದು ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ, ಫಿಲ್ಲರಿನಿಂದ ತೊಟ್ಟಿಕ್ಕಿಸಿ ಕಲ್ಲಾಗಿಸಿದ್ದಾನೆ. ಹೀಗೆ ಬೆಳೆದ ರೈಲ್ವೆ ಹದಿನೈದು ಅಡಿಯದು, ಅಟ್ಟದ ಕಿಂಡಿ ಎರಡು ಅಡಿಯದು. ಈ ಲೆಕ್ಕ ಗೊತ್ತಿದ್ದರೂ ಈತ ಏಣಿಯ ಮೇಲೆ ನಿಂತು ಕಿಂಡಿಯನ್ನು ಮತ್ತೆ ಮತ್ತೆ ಅಳೆಯುತ್ತಾನೆ.

ಕೊನೆಗೆ ಗರಗಸ ಕೈಗೆ ಬರುತ್ತದೆ. ಹಲಗೆಯ ಮೇಲ್ಭಾಗವನ್ನು ಕೊಯ್ಯುವುದು ಕರುಳಿಗೆ ಕಷ್ಟ, ಅಡಿಭಾಗವನ್ನು ಕೊಯ್ಯುವುದು ಬುದ್ಧಿಗೆ ಕಷ್ಟ. ಏಕೆಂದರೆ ಅಲ್ಲಿ ಹಳಿ ಬದಲಿಸುವ ಪಾಯಿಂಟುಗಳ ಮೋಟಾರಿಗೂ, ಸಿಗ್ನಲ್ಲಿಗೂ, ಪುಟ್ಟ ಬೀದಿದೀಪಗಳಿಗೂ ಹೋಗುವ ತಂತಿಗಳ ಜಟೆಯೇ ಇಳಿಬಿದ್ದಿರುತ್ತದೆ. ಎಂಜಿನಿಗೊಂದು ವಿಳಾಸ ಕೊಟ್ಟು ಹಳಿಯ ಮೂಲಕವೇ ಆದೇಶ ಕಳಿಸುವ ಡಿಜಿಟಲ್ ಪದ್ಧತಿಯಲ್ಲಿ ಎರಡೇ ತಂತಿ ಸಾಕೆಂಬ ಮಾತು ಈ ವಲಯದಲ್ಲಿ ಬಹಳ ಪ್ರಚಲಿತವಾಗಿದ್ದರೂ, ಎರಡೇ ತಂತಿಯಿರುವ ಅಟ್ಟವನ್ನು ಕಂಡವರು ವಿರಳ. ತಂತಿಗೊಂದು ಬಣ್ಣ, ಬಣ್ಣಕ್ಕೊಂದು ಚೀಟಿ ಎಂದು ನಿಯಮ ಮಾಡಿಕೊಂಡವನು, ಒಂದು ಭಾನುವಾರ ಕೆಂಪು ತಂತಿ ಮುಗಿದು ಅಂಗಡಿಯೂ ಮುಚ್ಚಿದ್ದರಿಂದ, ಅಂದಿನಿಂದ ಎಲ್ಲಕ್ಕೂ ಕಪ್ಪು ತಂತಿಯನ್ನೇ ಎಳೆದಿರುತ್ತಾನೆ.

ಇದಕ್ಕಿಂತ ದಾರುಣವಾದ ಘಟ್ಟ ಸಾಗಣೆ ಕಂಪನಿಯ ಅಂದಾಜುಗಾರ ಮನೆಗೆ ಬರುವ ದಿನದ್ದು. ಅಂದಾಜುಗಾರನೆಂದರೆ ಕೋಣೆಯಿಂದ ಕೋಣೆಗೆ ಹೋಗಿ, ಸಾಮಾನುಗಳು ಎಷ್ಟು ಘನ ಅಡಿಯಾಗುತ್ತವೆಂದು ಬರೆದುಕೊಳ್ಳುವ ನಿರ್ಲಿಪ್ತ ವ್ಯಕ್ತಿ. ರೈಲುಗಾರನ ಸಂಸಾರ ನಿಂತಿರುವುದು ಎಂಜಿನುಗಳ ಸಂಖ್ಯೆಯನ್ನು ಬಾಯಿಬಿಟ್ಟು ಹೇಳದಿರುವ ಅಲಿಖಿತ ಒಪ್ಪಂದದ ಮೇಲೆ. ಇಂದು ಹೊಸದೊಂದು ಓಓ ಉಗಿ ಎಂಜಿನಿಗೆ 150ರಿಂದ 250 ಪೌಂಡು ಬೀಳುವುದರಿಂದ, ಹೊಸತು ತಂದಾಗಲೆಲ್ಲ ಈತ ಅದನ್ನು ಹಳಿಯ ಮೇಲೆ ಹಳೆಯವುಗಳ ನಡುವೆ ನಿಲ್ಲಿಸಿ, ಇದು ಮೊದಲಿನಿಂದಲೂ ಇದ್ದದ್ದೇ ಎನ್ನುತ್ತಾನೆ. ಹಸಿರು ಬಣ್ಣದ ಎಂಜಿನುಗಳೆಲ್ಲ ಒಂದೇ ತೆರನಾಗಿ ಕಾಣುವುದು ಗ್ರೇಟ್ ವೆಸ್ಟರ್ನ್ ಅವನಿಗೆ ಮಾಡಿದ ಮಹದುಪಕಾರ. ಹಳಿಯ ಮೇಲಿರುವುದನ್ನು ಹೀಗೆ ಮರೆಸಬಹುದಾದರೂ ಖಾಲಿ ಪೆಟ್ಟಿಗೆಗಳನ್ನು ಮರೆಸಲಾಗದು. ಮೂಲ ಪೆಟ್ಟಿಗೆಯಿಲ್ಲದ ಮಾದರಿಗೆ ಮರುಮಾರಾಟದಲ್ಲಿ ಬೆಲೆ ಬಿದ್ದುಹೋಗುತ್ತದಾದ್ದರಿಂದ, ಒಂದನ್ನೂ ಎಸೆಯದೆ ಅಟ್ಟದ ಸೂರಿನ ಸಂದಿಯಲ್ಲಿ ಪೇರಿಸಿಟ್ಟಿರುತ್ತಾನೆ. ಅಂದಾಜುಗಾರ ಟಾರ್ಚು ಹಿಡಿದು ಆ ಸಂದಿಗೆ ಬೆಳಕು ಬಿಟ್ಟು, ಗಟ್ಟಿದನಿಯಲ್ಲಿ ಎಣಿಸುತ್ತಾನೆ. ಕೆಳಗೆ ಏಣಿಯ ಬುಡದಲ್ಲಿ ಹೆಂಡತಿ ಚಹಾದ ಲೋಟ ಹಿಡಿದು ನಿಂತಿರುತ್ತಾಳೆ. ಇಲ್ಲಿ ಒಂದು ಮಾತು ಸೇರಿಸುವುದು ನ್ಯಾಯ: ಸಂಖ್ಯೆ ಆಕೆಗೆ ಮೊದಲೇ ಗೊತ್ತಿರುತ್ತದೆ, ಅಂಚೆಯವನಿಂದ ಪಾರ್ಸೆಲ್ಲು ತೆಗೆದುಕೊಳ್ಳುತ್ತಿದ್ದವಳು ಆಕೆಯೇ.

ಮಾಲೀಕನೇ ಕಟ್ಟಿದ ಪೆಟ್ಟಿಗೆಯೊಳಗೆ ಏನಾದರೂ ಮುರಿದರೆ ವಿಮೆ ಸಿಗುವುದು ದುರ್ಲಭ. ಆಳುಗಳ ಕೈಗೆ ಕೊಟ್ಟರೆ ಮುರಿಯುವುದೇ ಖಚಿತವೆಂಬುದು ಈತನ ದೃಢನಂಬಿಕೆ. ಆದ್ದರಿಂದ ಈತ ತಾನೇ ಕೂತು ಕಟ್ಟುತ್ತಾನೆ. ಒಂದು ಎಂಜಿನನ್ನು ಕಟ್ಟುವ ಕ್ರಮ ನೋಡತಕ್ಕದ್ದು: ಬಾಯ್ಲರಿನ ಪಕ್ಕದ ಹಿಡಿಕಂಬಿಯು ಗುಂಡುಸೂಜಿಗಿಂತ ತೆಳ್ಳಗಿರುವುದರಿಂದ ಅದನ್ನು ಮುಟ್ಟದಂತೆ ಚಕ್ರಗಳ ಬಳಿ ಹಿಡಿದು ಎತ್ತಬೇಕು, ಕಲ್ಲಿದ್ದಲು ಹೊರುವ ಟೆಂಡರನ್ನು ಬಿಡಿಸಬೇಕು, ಆದರೆ ನಡುವಿನ ಪುಟ್ಟ ತಂತಿಯನ್ನು ಎಳೆಯಕೂಡದು, ಆಮ್ಲವಿಲ್ಲದ ತೆಳುಕಾಗದ ಸುತ್ತಿ ಸ್ಪಂಜಿನ ಗುಳಿಯಲ್ಲಿ ಮಲಗಿಸಬೇಕು. ಮಲಗಿಸಿದ ಮೇಲೆ ಮೇಜಿನ ಮೇಲೆ ಎರಡು ಮಿಲಿಮೀಟರಿನ ಹಿತ್ತಾಳೆಯ ಚೂರೊಂದು ಉಳಿದಿರುತ್ತದೆ. ಅದು ಯಾವ ಎಂಜಿನಿನದೆಂದು ತಿಳಿಯಲು ಕಟ್ಟಿದ್ದನ್ನೆಲ್ಲ ಬಿಚ್ಚುವಷ್ಟರಲ್ಲಿ ಅಂಥ ಇನ್ನೂ ಮೂರು ಚೂರುಗಳು ಸೇರಿಕೊಂಡು, ನಾಲ್ಕನ್ನೂ ಒಂದು ಲಕೋಟೆಗೆ ಹಾಕಿ "ಮುಖ್ಯ" ಎಂದು ಬರೆದು ಈತ ಕಳೆದುಕೊಳ್ಳುತ್ತಾನೆ.

ಹೂಡಿಕೆಯೆಂದು ತಂದು, ಬಿಚ್ಚದೆ ಇಟ್ಟ ಪೆಟ್ಟಿಗೆಗಳು ತೆರೆಯುವುದೂ ಈ ಸಂದರ್ಭದಲ್ಲೇ. ಎಂಜಿನುಗಳ ಭಾಗಗಳಿಗೆ ಬಳಸುವ ಮ್ಯಾಝಾಕ್ ಎಂಬ ಸತುವಿನ ಮಿಶ್ರಲೋಹವನ್ನು ಎರಕ ಹೊಯ್ಯುವಾಗ ಸೀಸದಂಥ ಕಲ್ಮಶ ತುಸು ಸೇರಿದರೂ ಸಾಕು, ವರ್ಷಗಳು ಕಳೆದಂತೆ ಲೋಹ ಒಳಗೊಳಗೇ ಉಬ್ಬಿ, ಬಿರಿದು, ಮುಟ್ಟಿದರೆ ಉದುರುವ ಸ್ಥಿತಿಗೆ ಬರುತ್ತದೆ. ಮೊಮ್ಮಕ್ಕಳ ಓದಿಗಾದೀತೆಂದು ಹೆಂಡತಿಗೆ ಹೇಳಿ ಕೂಡಿಟ್ಟ ಎಂಜಿನು ಕೈಯಲ್ಲಿ ಎರಡಾದಾಗ, ಈತ ಪೆಟ್ಟಿಗೆಯನ್ನು ಮುಚ್ಚಿ, ಅದೇ ಟೇಪು ಮತ್ತೆ ಅಂಟಿಸಿ, ಹೊಸ ಮನೆಗೆ ಒಯ್ಯಬೇಕಾದ್ದರ ರಾಶಿಗೆ ಸೇರಿಸುತ್ತಾನೆ.

ಸಾಗಿಸುವ ದಿನ ಪಿಯಾನೋ, ಹಾಸಿಗೆ, ಅಜ್ಜಿಯ ಕಾಲದ ಗಾಜಿನ ಬೀರು ಎಲ್ಲವೂ ಲಾರಿಯಲ್ಲಿ ಹೋಗುತ್ತವೆ. ಎಂಜಿನುಗಳನ್ನು ಮಾತ್ರ ಈತ, ಬೆಕ್ಕು ತನ್ನ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಿಡಾರ ಬದಲಿಸುವ ಹಾಗೆ, ತನ್ನ ಕಾರಿನಲ್ಲಿ ಸರದಿಯ ಮೇಲೆ ಒಯ್ಯುತ್ತಾನೆ. ಪೂರ್ತಿ ರೈಲ್ವೆಯೊಂದು ಅಖಂಡವಾಗಿ ಸ್ಥಳಾಂತರಗೊಂಡು ಉಳಿದ ಉದಾಹರಣೆಗಳು ಇಲ್ಲವೆಂದಲ್ಲ. ಜಾನ್ ಅಹೆರ್ನ್ ಕಟ್ಟಿದ ಮ್ಯಾಡರ್ ವ್ಯಾಲಿ ಎಂಬ ಮಾದರಿ ಇಂದಿಗೂ ಆಕ್ಸ್‌ಫರ್ಡ್‌ಶೈರಿನ ಲಾಂಗ್ ವಿಟನ್‌ಹ್ಯಾಮ್ ಹಳ್ಳಿಯ ಪೆಂಡನ್ ಮ್ಯೂಸಿಯಮ್ಮಿನಲ್ಲಿದೆ. ಆದರೆ ಅಂಥ ಗೌರವ ಪಡೆಯಲು ಮೊದಲು ತೀರಿಕೊಳ್ಳಬೇಕಾಗುವುದು ಈ ಮಾರ್ಗದ ಕೊರತೆ. ದುಡ್ಡಿದ್ದವರ ರೀತಿ ಇನ್ನೊಂದು: ಗಾಯಕ ರಾಡ್ ಸ್ಟುವರ್ಟ್ 1940ರ ದಶಕದ ಅಮೆರಿಕದ ನಗರವೊಂದನ್ನು ಎಚ್‌ಓ ಅಳತೆಯಲ್ಲಿ ಎರಡು ದಶಕಕ್ಕೂ ಮೀರಿ ಕಟ್ಟಿ 2019ರಲ್ಲಿ ಲೋಕಕ್ಕೆ ತೋರಿಸಿದಾಗ, ಸಂಗೀತ ಪ್ರವಾಸಗಳಲ್ಲಿ ಹೋಟೆಲಿನ ಇನ್ನೊಂದು ಕೋಣೆಯನ್ನೇ ಮಾದರಿ ಕಟ್ಟುವುದಕ್ಕಾಗಿ ಹಿಡಿಯುತ್ತಿದ್ದ ಸಂಗತಿಯೂ ಹೊರಬಿತ್ತು. ಅಟ್ಟದ ಯಜಮಾನ ಈ ಸುದ್ದಿಯ ತುಣುಕನ್ನು ಕತ್ತರಿಸಿ, ಹೆಂಡತಿಯ ಕಣ್ಣಿಗೆ ಬೀಳುವಂತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುತ್ತಾನೆ.

ಇಷ್ಟೆಲ್ಲ ಸಂಕಟದ ನಡುವೆಯೂ ಸೂಕ್ಷ್ಮವಾಗಿ ನೋಡುವವರಿಗೆ ಈತನ ಶೋಕದಲ್ಲಿ ಒಂದು ಕೊರತೆ ಕಾಣದಿರದು. ಗರಗಸವಿಟ್ಟ ರಾತ್ರಿಯೂ ಈತ ಚೆನ್ನಾಗಿ ನಿದ್ದೆ ಮಾಡುತ್ತಾನೆ. ಮಾದರಿ ರೈಲ್ವೆ ಎಂದೂ ಮುಗಿಯುವುದಿಲ್ಲವೆಂಬುದು ಈ ವಲಯದ ನಾಣ್ಣುಡಿಯೇ ಆಗಿದ್ದರೂ, ಹಳೆಯ ಅಟ್ಟದ್ದು ಹೆಚ್ಚುಕಡಿಮೆ ಮುಗಿದೇಹೋಗಿತ್ತು, ಮತ್ತು ಮುಗಿದ ರೈಲ್ವೆಯಲ್ಲಿ ಗಾಡಿ ಓಡಿಸುವುದನ್ನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಹೊಸ ಮನೆಯಲ್ಲಿ ಅಡುಗೆಮನೆಯ ಪೆಟ್ಟಿಗೆಗಳು ಇನ್ನೂ ಬಿಚ್ಚದೆ ಇರುವಾಗಲೇ, ಆ ಪೆಟ್ಟಿಗೆಗಳ ಮೇಲೆಯೇ ಗ್ರಾಫ್ ಕಾಗದ ಹರಡಿ ಹೊಸ ನಕ್ಷೆ ಬರೆಯತೊಡಗುತ್ತಾನೆ. ಈ ಸಲ ಎಲ್ಲವೂ 4 ಅಡಿಗೆ 2 ಅಡಿಯ ತುಂಡು, ಪ್ರತಿ ತುಂಡಿಗೂ ಬೋಲ್ಟು, ಪ್ರತಿ ತಂತಿಗೂ ಚೀಟಿ ಎಂದು ಹೆಂಡತಿಗೆ ಮಾತು ಕೊಡುತ್ತಾನೆ, ಮೊದಲ ವರ್ಷ ಅದರಂತೆ ನಡೆದುಕೊಳ್ಳುತ್ತಾನೆ ಕೂಡ. ಆಮೇಲೆ ಒಂದು ದಿನ, ಎರಡು ಹಲಗೆ ಕೂಡುವಲ್ಲಿ ಗುಡ್ಡವನ್ನು ಸೀಳಿಕೊಂಡು ಹೋಗುವ ನೆಟ್ಟನೆಯ ಬಿರುಕು ಅವನ ಕಣ್ಣಿಗೆ ಚುಚ್ಚತೊಡಗುತ್ತದೆ. ತನ್ನ ಮಾದರಿಯ ಮೂಲವಾದ ಡೆವನ್ ಸೀಮೆಯ ಯಾವ ಗುಡ್ಡಕ್ಕೂ ಅಂಥ ಬಿರುಕಿಲ್ಲವೆಂದು ತೀರ್ಮಾನಿಸಿ, ಬಟ್ಟಲಲ್ಲಿ ಪ್ಲಾಸ್ಟರ್ ಕಲಸಿಕೊಂಡು ಏಣಿ ಹತ್ತುತ್ತಾನೆ.